ಹಾಥಾರ್ನ್ ಕಾರ್ಖಾನೆಯ ಬೆಳಕು: ಸಂಶೋಧನ ಲೇಖನವನ್ನು ಹುಡುಕಿ ಒರೆಗೆ ಹಚ್ಚುವ ಬಗೆ

ವ್ಯವಹಾರ ನಿರ್ವಹಣ ಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದು ನೋಡಿದರೂ ಮೊದಲ ಕೆಲವು ಅಧ್ಯಾಯಗಳಲ್ಲಿಯೇ ಒಂದು ಕಥೆ ಎದುರಾಗುತ್ತದೆ. ಅಮೆರಿಕದ ಷಿಕಾಗೋ ನಗರಕ್ಕೆ ಅಂಟಿಕೊಂಡಿರುವ ಸಿಸೆರೋ ಎಂಬ ಊರಿನಲ್ಲಿ, ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಗೆ ಸೇರಿದ ಹಾಥಾರ್ನ್ ಎಂಬ ದೊಡ್ಡ ಕಾರ್ಖಾನೆಯಿತ್ತು. ಟೆಲಿಫೋನಿಗೆ ಬೇಕಾದ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದುವು. ದೀಪದ ಬೆಳಕನ್ನು ಹೆಚ್ಚಿಸಿದರೆ ಕೆಲಸಗಾರರ ಉತ್ಪತ್ತಿಯೂ ಹೆಚ್ಚುವುದೇ ಎಂಬುದನ್ನು ತಿಳಿಯಲು 1924ರಲ್ಲಿ ಅಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಬೆಳಕನ್ನು ಹೆಚ್ಚಿಸಿದರು, ಉತ್ಪತ್ತಿ ಏರಿತು. ಬೆಳಕನ್ನು ತಗ್ಗಿಸಿದರು, ಆಗಲೂ ಏರಿತು. ಕೊನೆಗೆ ಬೆಳದಿಂಗಳಿನಷ್ಟು ಮಂದವಾದ ಬೆಳಕಿನಲ್ಲಿಯೂ ಇಬ್ಬರು ಹೆಣ್ಣುಮಕ್ಕಳು ತಮ್ಮ ಕೆಲಸದ ವೇಗವನ್ನು ಬಿಟ್ಟುಕೊಡಲಿಲ್ಲವಂತೆ. ಹಾಗಾದರೆ ಕೆಲಸವನ್ನು ಹೆಚ್ಚಿಸಿದ್ದು ಬೆಳಕಲ್ಲ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮಲ್ಲಿ ಆಸಕ್ತಿ ತೋರುತ್ತಿದ್ದಾರೆ ಎಂಬ ಭಾವನೆಯೇ ಅದಕ್ಕೆ ಕಾರಣವೆಂದು ಪಠ್ಯಪುಸ್ತಕ ತೀರ್ಮಾನಿಸುತ್ತದೆ. ಇದಕ್ಕೆ ‘ಹಾಥಾರ್ನ್ ಪರಿಣಾಮ’ ಎಂದು ಹೆಸರು.

ಇಷ್ಟು ಸೊಗಸಾದ ಕಥೆಯನ್ನು ಯಾವ ಉಪಾಧ್ಯಾಯರು ತಾನೆ ಬಿಟ್ಟಾರು? ಕಳೆದ ಎಂಟು ದಶಕಗಳಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ, ತರಗತಿಯಿಂದ ತರಗತಿಗೆ ಹರಿದುಬಂದಿದೆ. ಅದು ಬರಿಯ ಕಥೆಯಾಗಿ ಉಳಿದಿದ್ದರೆ ನಮಗೇನೂ ಚಿಂತೆಯಿರಲಿಲ್ಲ. ಆದರೆ ಅದರಿಂದ ಹೊರಟ ಒಂದು ಉಪದೇಶವುಂಟು: ಕೆಲಸಗಾರನ ದುಡಿಮೆಗೆ ಕೂಲಿಯ ಹಣ ಅಷ್ಟೇನೂ ಮುಖ್ಯವಲ್ಲ, ಮೇಲ್ವಿಚಾರಕನ ಆದರ, ಗುಂಪಿನ ಸ್ನೇಹ ಇವೇ ಮುಖ್ಯ, ಎಂದು. ಈ ಮಾತನ್ನು ಕೇಳಿದ ಯಾವ ಮಾಲಿಕನಿಗೆ ಹಿತವೆನಿಸದು? ಕೂಲಿಯನ್ನು ಏರಿಸುವುದಕ್ಕಿಂತ ಮುಗುಳುನಗೆಯನ್ನು ಏರಿಸುವುದು ಅಗ್ಗವಷ್ಟೆ. ಹೀಗಿರುವುದರಿಂದ, ಆ ಕಥೆ ನಿಜವೇ ಅಲ್ಲವೇ ಎಂಬ ಪ್ರಶ್ನೆಯ ಹಿಂದೆ ಸಾವಿರಾರು ಮಂದಿಯ ತಿಂಗಳ ಸಂಬಳ ನಿಂತಿದೆ.

ಎಂ.ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಗೆ ‘ಕಾರ್ಖಾನೆಯ ಬೆಳಕಿಗೂ ಕೆಲಸಗಾರರ ಉತ್ಪತ್ತಿಗೂ ಇರುವ ಸಂಬಂಧ’ ಎಂಬ ವಿಷಯವಾಗಿ ಪ್ರಬಂಧ ಬರೆಯಲು ಹೇಳಿದ್ದಾರೆಂದು ಇಟ್ಟುಕೊಳ್ಳೋಣ. ಅವನು ಮಾಡುವ ಮೊದಲ ಕೆಲಸ ಯಾವುದು? ಪಠ್ಯಪುಸ್ತಕದ ಕಥೆಯನ್ನು ಇಳಿಸಿಕೊಂಡು, ಪುಟದ ಅಡಿಯಲ್ಲಿ ಆ ಪುಸ್ತಕ ಹೆಸರಿಸಿರುವ ಹಳೆಯ ಗ್ರಂಥದ ಹೆಸರನ್ನು ತಾನೂ ಬರೆಯುವುದು. ಆ ಹಳೆಯ ಗ್ರಂಥವನ್ನು ಅವನು ಕಂಡಿರುವುದಿಲ್ಲ; ಬಹುಶಃ ಪಠ್ಯಪುಸ್ತಕವನ್ನು ಬರೆದವರೂ ಕಂಡಿರಲಾರರು. ನದೀಮೂಲ ಋಷಿಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನದಿಗೂ ಋಷಿಗೂ ಆ ಮರ್ಯಾದೆ ಸಲ್ಲಲಿ. ಸಂಶೋಧನೆಯ ಮಾತಿಗೆ ಮಾತ್ರ ಅದನ್ನು ಸಲ್ಲಿಸಕೂಡದು.

ಇದು ಕೇವಲ ನಮ್ಮ ಊಹೆಯಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು 2003ರಲ್ಲಿ ಒಂದು ಸ್ವಾರಸ್ಯವಾದ ಲೆಕ್ಕವನ್ನು ಪ್ರಕಟಿಸಿದರು. ಸುಮಾರು 4,300 ಸಲ ಉಲ್ಲೇಖಗೊಂಡಿದ್ದ ಒಂದು ಪ್ರಸಿದ್ಧ ಲೇಖನವನ್ನು ಅವರು ತೆಗೆದುಕೊಂಡರು. ಅದರ ಸಂಪುಟಸಂಖ್ಯೆ, ಪುಟಸಂಖ್ಯೆ, ವರ್ಷ ಇವುಗಳಲ್ಲಿ 196 ಕಡೆ ತಪ್ಪುಗಳಿದ್ದುವು. ಪ್ರತಿಯೊಬ್ಬನೂ ಮೂಲವನ್ನು ನೋಡಿ ತಾನೇ ತಪ್ಪಿದ್ದರೆ ತಪ್ಪುಗಳೂ ಬಗೆಬಗೆಯಾಗಿರಬೇಕಾಗಿತ್ತು. ಆದರೆ ಬೇರೆ ಬೇರೆ ತಪ್ಪುಗಳಿದ್ದುದು 45 ಮಾತ್ರ. ಒಂದೇ ಒಂದು ಪುಟಸಂಖ್ಯೆಯ ತಪ್ಪು 78 ಸಲ ಕಾಣಿಸಿಕೊಂಡಿತ್ತು! ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದವನ ತಪ್ಪನ್ನೂ ಸೇರಿಸಿ ನಕಲು ಮಾಡಿದ ಹುಡುಗನು ಸಿಕ್ಕಿಬೀಳುವ ರೀತಿಯೇ ಇದು. ಉಲ್ಲೇಖಿಸುವವರಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಮಾತ್ರ ಮೂಲವನ್ನು ಓದಿರುತ್ತಾರೆಂದು ಅವರು ಅಂದಾಜು ಮಾಡಿದರು. ಅಂದಾಜಿನ ಸಂಖ್ಯೆಯನ್ನು ಯಾರಾದರೂ ಪ್ರಶ್ನಿಸಬಹುದು. ನಕಲು ನಡೆದಿದೆ ಎಂಬುದನ್ನು ಪ್ರಶ್ನಿಸುವುದು ಕಷ್ಟ.

ಹುಡುಕುವ ಬಗೆ

ಹಾಗಾದರೆ ಮೂಲವನ್ನು ತಲಪುವುದು ಹೇಗೆ? ಅಂತರಜಾಲದಲ್ಲಿ ‘ಬೆಳಕು ಮತ್ತು ಉತ್ಪತ್ತಿ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಾಕಿ ಗುಂಡಿ ಒತ್ತಿದರೆ ಲಕ್ಷಾಂತರ ಪುಟಗಳು ಬಂದು ಬೀಳುತ್ತವೆ. ಅವುಗಳಲ್ಲಿ ದೀಪ ಮಾರುವವರ ಜಾಹೀರಾತುಗಳೇ ಮುಂದಾಗಿರುತ್ತವೆ. ಪ್ರಶ್ನೆಯನ್ನು ಹುಡುಕುವ ಮೊದಲು ಅದನ್ನು ಒಡೆದು ನೋಡಬೇಕು. ಈ ಒಡೆಯುವ ವಿದ್ಯೆಯನ್ನು ಜಗತ್ತಿಗೆ ಚೊಕ್ಕವಾಗಿ ಕಲಿಸಿದವರು ನಮ್ಮ ದೇಶದವರೇ ಆದ ಎಸ್. ಆರ್. ರಂಗನಾಥನ್. ಗಣಿತದ ಉಪಾಧ್ಯಾಯರಾಗಿದ್ದು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಇವರು 1933ರಲ್ಲಿ ತಮ್ಮ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಯಾವ ವಿಷಯವನ್ನೇ ಆಗಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಮುಖಗಳಾಗಿ ಬಿಡಿಸಬಹುದೆಂಬುದು ಅವರು ಮುಂದೆ ಬೆಳೆಸಿದ ವಿಚಾರ. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಅವರು ಕಟ್ಟಿದ ಕೇಂದ್ರ 1962ರಲ್ಲಿ ಇಲ್ಲಿಯೇ ಆರಂಭವಾಯಿತು. ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಲು ಹುಟ್ಟಿದ ಆ ಉಪಾಯ ಇಂದು ಗಣಕಯಂತ್ರದ ಮುಂದೆ ಕುಳಿತವನಿಗೂ ಒದಗುತ್ತದೆ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಯನ್ನು ಹೀಗೆ ಬಿಡಿಸೋಣ. ಯಾರು? ಹೊಲಿಗೆಯ ಕೆಲಸಗಾರರು. ಯಾವ ವಸ್ತು? ದೀಪ. ಏನು ನಡೆಯುತ್ತದೆ? ಉತ್ಪತ್ತಿ ಏರುತ್ತದೆ ಅಥವಾ ಇಳಿಯುತ್ತದೆ. ಎಲ್ಲಿ? ಭಾರತದಲ್ಲಿ. ಯಾವಾಗ? ಇತ್ತೀಚೆಗೆ. ಇನ್ನು ಪ್ರತಿಯೊಂದು ಮುಖಕ್ಕೂ ವಿದ್ವಾಂಸರು ಬಳಸುವ ಬೇರೆ ಬೇರೆ ಹೆಸರುಗಳನ್ನು ಬರೆದುಕೊಳ್ಳಬೇಕು. ದೀಪಕ್ಕೆ ಒಬ್ಬರು ‘ಲೈಟಿಂಗ್’ ಎಂದರೆ ಇನ್ನೊಬ್ಬರು ‘ಇಲ್ಯುಮಿನೇಷನ್’ ಎನ್ನುತ್ತಾರೆ, ಮತ್ತೊಬ್ಬರು ನೇರವಾಗಿ ‘ಎಲ್.ಇ.ಡಿ.’ ಎಂದುಬಿಡುತ್ತಾರೆ. ಉತ್ಪತ್ತಿಗೆ ‘ಔಟ್‌ಪುಟ್’, ‘ಪ್ರೊಡಕ್ಟಿವಿಟಿ’, ‘ಎಫಿಷಿಯೆನ್ಸಿ’ ಎಂಬ ಮೂರು ಹೆಸರುಗಳಾದರೂ ಉಂಟು. ಒಂದೇ ಹೆಸರನ್ನು ಹಿಡಿದು ಹೋದವನು ಉಳಿದ ಹೆಸರುಗಳಡಿಯಲ್ಲಿ ಅಡಗಿರುವ ಲೇಖನಗಳನ್ನು ಕಾಣಲಾರ. ಒಂದು ಒಳ್ಳೆಯ ಲೇಖನ ದೊರಕಿದ ಕೂಡಲೇ ಅದರ ಲೇಖಕರು ಬಳಸಿರುವ ಪದಗಳನ್ನು ನೋಡಿ ಮತ್ತೆ ಹುಡುಕುವುದು ಜಾಣತನ.

ಎಲ್ಲಿ ಹುಡುಕಬೇಕೆಂಬುದನ್ನು ಬೇಗನೆ ಹೇಳಿ ಮುಗಿಸಬಹುದು. 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ಎಲ್ಲರಿಗೂ ತೆರೆದಿದೆ. ಆದರೆ ಅದು ಕಾಳಿನೊಡನೆ ಹೊಟ್ಟನ್ನೂ ತರುತ್ತದೆ. ಬಿಸಿನೆಸ್ ಸೋರ್ಸ್, ಎ.ಬಿ.ಐ. ಇನ್‌ಫಾರ್ಮ್ ಮುಂತಾದ, ವಾಣಿಜ್ಯಕ್ಕೇ ಮೀಸಲಾದ ಸೂಚಿಗಳು ಕಾಲೇಜಿನ ಗ್ರಂಥಭಂಡಾರದ ಮೂಲಕ ದೊರೆಯುತ್ತವೆ. ಭಾರತ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳಿಗೆ ಎಟಕುವಂತಾಗಿವೆ. ನಮ್ಮ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿವೆ. ಹಣ ಕೊಟ್ಟಲ್ಲದೆ ತೆರೆಯದ ಲೇಖನವೊಂದು ಎದುರಾದರೆ, ಅದರ ಪೂರ್ವಪ್ರತಿ ಲೇಖಕರ ಸ್ವಂತ ಪುಟದಲ್ಲಿಯೋ ಅವರ ಸಂಸ್ಥೆಯ ಭಂಡಾರದಲ್ಲಿಯೋ ಬಿಟ್ಟಿಯಾಗಿ ಇರುವುದುಂಟು. ಲೇಖಕರಿಗೆ ಎರಡು ಸಾಲಿನ ಪತ್ರ ಬರೆದು ಬೇಡುವುದೂ ತಪ್ಪಲ್ಲ. ತಮ್ಮ ಲೇಖನವನ್ನು ಓದಲು ಬಯಸುವವನೊಬ್ಬನು ಇದ್ದಾನೆಂದು ತಿಳಿದು ಸಂತೋಷಪಡದ ಲೇಖಕರು ವಿರಳ.

ಈಚೆಗೆ ಕೃತಕ ಬುದ್ಧಿಯ ಯಂತ್ರಗಳನ್ನೇ ಕೇಳಿ ಲೇಖನಗಳ ಪಟ್ಟಿಯನ್ನು ಪಡೆಯುವ ಅಭ್ಯಾಸವೂ ಹಬ್ಬಿದೆ. ಅವು ಕೊಡುವ ಪಟ್ಟಿಯಲ್ಲಿ ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆಯ ಹೆಸರು, ನಂಬುವಂಥ ವರ್ಷ ಎಲ್ಲವೂ ಇದ್ದು, ಲೇಖನ ಮಾತ್ರ ಲೋಕದಲ್ಲಿಯೇ ಇಲ್ಲದಿರಬಹುದು! ಲೇಖನವನ್ನು ತೆರೆದು ಕಣ್ಣಾರೆ ಕಾಣುವ ತನಕ ಅದು ಇದೆಯೆಂದು ನಂಬದಿರುವುದೇ ಕ್ಷೇಮ.

ಒಂದು ಲೇಖನ ಕೈಗೆ ಸಿಕ್ಕಿದ ಮೇಲೆ ಅಲ್ಲಿಂದ ಎರಡು ದಾರಿಗಳು ಹೊರಡುತ್ತವೆ. ಹಿಂದಕ್ಕೆ ಹೋಗುವ ದಾರಿಯೆಂದರೆ ಅದು ಹೆಸರಿಸಿರುವ ಹಳೆಯ ಲೇಖನಗಳು. ಮುಂದಕ್ಕೆ ಹೋಗುವ ದಾರಿಯೆಂದರೆ ಅದನ್ನು ಹೆಸರಿಸಿರುವ ಹೊಸ ಲೇಖನಗಳು. ಹಿಂದಿನ ದಾರಿ ಎಂದಿನಿಂದಲೂ ಇದ್ದಿತು. ಮುಂದಿನ ದಾರಿಯನ್ನು ವಿಜ್ಞಾನಿಗಳಿಗೆ ತೆರೆದುಕೊಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಅವರು ಇದರ ಕಲ್ಪನೆಯನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದರು. 1964ರಲ್ಲಿ ವಿಜ್ಞಾನದ ಉಲ್ಲೇಖಸೂಚಿ ಹೊರಬಂದಿತು. ಸಮಾಜವಿಜ್ಞಾನಗಳ ಸೂಚಿ 1973ರಲ್ಲಿ ಅದನ್ನು ಹಿಂಬಾಲಿಸಿತು. ಒಂದು ಮಾತನ್ನು ಹೇಳಿದ ಮೇಲೆ ಅದಕ್ಕೆ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬುದು ಈ ದಾರಿಯಲ್ಲಿ ತಿಳಿಯುತ್ತದೆ. ಗೂಗಲ್ ಸ್ಕಾಲರಿನಲ್ಲಿ ಪ್ರತಿ ಲೇಖನದ ಕೆಳಗೂ ‘ಸೈಟೆಡ್ ಬೈ’ ಎಂದು ಕಾಣುವುದು ಇದೇ. ಬಹುಮಂದಿ ವಿದ್ಯಾರ್ಥಿಗಳು ಅದರ ಮುಂದಿರುವ ಸಂಖ್ಯೆಯನ್ನು ನೋಡಿ ತೃಪ್ತರಾಗುತ್ತಾರೆ. ಆ ಸಂಖ್ಯೆಯನ್ನು ಒತ್ತಿದಾಗ ತೆರೆಯುವ ಪಟ್ಟಿಯಲ್ಲಿಯೇ ತಿರುಳಿರುವುದು.

ಹಾಥಾರ್ನಿನ ಹಿಂದೆಯೂ ಮುಂದೆಯೂ

ಈ ಎರಡು ದಾರಿಗಳಲ್ಲಿಯೂ ಹಾಥಾರ್ನಿನ ಕಥೆಯನ್ನು ಅಟ್ಟಿಸಿಕೊಂಡು ಹೋದರೆ ಏನು ಕಾಣುತ್ತದೆಂಬುದನ್ನು ನೋಡೋಣ.

ಹಿಂದಕ್ಕೆ ಹೋದರೆ ಮೊದಲು ಸಿಕ್ಕುವುದು ಹಾರ್ವರ್ಡಿನ ಎಲ್ಟನ್ ಮೇಯೋ ಅವರ 1933ರ ಗ್ರಂಥ. ಬಳಿಕ, ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಎಂಬವರು 1939ರಲ್ಲಿ ಪ್ರಕಟಿಸಿದ, ಆರುನೂರಕ್ಕೂ ಹೆಚ್ಚು ಪುಟಗಳ ಹೆಬ್ಬೊತ್ತಗೆ. ಇವರಲ್ಲಿ ಡಿಕ್ಸನ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ನೌಕರರೇ ಆಗಿದ್ದರೆಂಬುದನ್ನು ಗುರುತುಹಾಕಿಕೊಳ್ಳಬೇಕು. ಅಷ್ಟರಿಂದಲೇ ಪುಸ್ತಕ ಸುಳ್ಳಾಗುವುದಿಲ್ಲ. ಆದರೆ ಓದುವಾಗ ಒಂದು ಕಣ್ಣು ಎಚ್ಚರವಾಗಿರಬೇಕಾಗುತ್ತದೆ. ಬೆಳಕಿನ ಪ್ರಯೋಗಗಳು 1924ರಿಂದ 1927ರ ವರೆಗೆ ನಡೆದುವು. ರಾಷ್ಟ್ರೀಯ ಸಂಶೋಧನ ಮಂಡಲಿಯ ಸಮಿತಿಯೊಂದು ಇವನ್ನು ನಡೆಸಿತು. ಬೆಂಬಲಕ್ಕಿದ್ದುದು ವಿದ್ಯುತ್ ಉದ್ಯಮ. ಹೆಚ್ಚು ದೀಪಗಳು ಹೆಚ್ಚು ಉತ್ಪತ್ತಿಯನ್ನು ತರುತ್ತವೆಂದು ತೋರಿಸಿಕೊಟ್ಟರೆ ಲಾಭ ಯಾರಿಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಲಿತಾಂಶ ಅವರು ಬಯಸಿದಂತೆ ಬರಲಿಲ್ಲ. ಈ ಪ್ರಯೋಗಗಳ ಪೂರ್ಣ ವರದಿ ಎಂದೂ ಅಚ್ಚಾಗಲೇ ಇಲ್ಲ. 1927ರಲ್ಲಿ ಹೊರಬಂದ ಒಂದು ಪುಟ್ಟ ಲೇಖನ ಮತ್ತು 1939ರ ಪುಸ್ತಕದ ಆರಂಭದ ಕೆಲವು ಪುಟಗಳೇ ಲೋಕಕ್ಕೆ ಆಧಾರವಾದುವು. ಇಷ್ಟು ಸಣ್ಣ ಬುಡದ ಮೇಲೆ ಅಷ್ಟು ದೊಡ್ಡ ಮರ ಬೆಳೆಯಿತು.

ಇದರ ಬೆನ್ನಿಗೇ ನಡೆದ ಎರಡನೆಯ ಪ್ರಯೋಗ ಇನ್ನೂ ಹೆಚ್ಚು ಹೆಸರಾದದ್ದು. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುವ ರಿಲೇ ಎಂಬ ಸಣ್ಣ ಉಪಕರಣವನ್ನು ಸುಮಾರು 35 ಬಿಡಿಭಾಗಗಳಿಂದ ಜೋಡಿಸುವ ಕೆಲಸದಲ್ಲಿದ್ದ ಐವರು ಯುವತಿಯರನ್ನೂ ಅವರಿಗೆ ಭಾಗಗಳನ್ನು ಒದಗಿಸುವ ಒಬ್ಬಳನ್ನೂ 1927ರಲ್ಲಿ ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿದರು. ನಡುನಡುವೆ ವಿರಾಮ ಕೊಟ್ಟರು, ಕೆಲಸದ ವೇಳೆಯನ್ನು ಕಡಿಮೆ ಮಾಡಿದರು, ಉಪಾಹಾರ ಕೊಟ್ಟರು, ಮತ್ತೆ ಎಲ್ಲವನ್ನೂ ಹಿಂತೆಗೆದುಕೊಂಡೂ ನೋಡಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಉತ್ಪತ್ತಿ ನೂರಕ್ಕೆ ಸುಮಾರು ಮೂವತ್ತರಷ್ಟು ಏರಿತು. ಸ್ನೇಹಪರ ಮೇಲ್ವಿಚಾರಣೆಯೇ ಇದಕ್ಕೆ ಕಾರಣವೆಂದು ಸಾರಿದರು.

ಈಗ ಮುಂದಿನ ದಾರಿಯನ್ನು ಹಿಡಿಯೋಣ. 1939ರ ಪುಸ್ತಕವನ್ನು ಉಲ್ಲೇಖಿಸಿದ ಲೇಖನಗಳ ನಡುವೆ ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಅಲೆಕ್ಸ್ ಕೇರಿ ಅವರು 1967ರಲ್ಲಿ ‘ಅಮೆರಿಕನ್ ಸೋಷಿಯಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಒಂದು ಖಂಡನೆ ಕಾಣುತ್ತದೆ. ಕೇರಿ ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಅವರು ಮಾಡಿದ್ದು, ಬೇರೆಯವರು ಮಾಡದಿದ್ದ ಒಂದೇ ಕೆಲಸ: ಆ ಹೆಬ್ಬೊತ್ತಗೆಯನ್ನು ಗಮನವಿಟ್ಟು ಓದಿದರು. ಓದಿದಾಗ, ಪಠ್ಯಪುಸ್ತಕಗಳು ನುಂಗಿಕೊಂಡಿದ್ದ ಸಂಗತಿಗಳು ಮೇಲೆ ಬಂದುವು. ಸ್ನೇಹದ ವಾತಾವರಣವೆಂದು ಹೊಗಳಿಸಿಕೊಂಡ ಆ ಕೊಠಡಿಯಿಂದ 1928ರ ಜನವರಿಯಲ್ಲಿ, ಮಾತು ಹೆಚ್ಚಾಯಿತು, ಹೇಳಿದ್ದು ಕೇಳುವುದಿಲ್ಲ ಎಂಬ ಕಾರಣಕ್ಕಾಗಿ ಐವರಲ್ಲಿ ಇಬ್ಬರನ್ನು ಹೊರಹಾಕಿ, ಚುರುಕಾದ ಬೇರೆ ಇಬ್ಬರನ್ನು ಕರೆತಂದಿದ್ದರು. ಉತ್ಪತ್ತಿಯ ದೊಡ್ಡ ಏರಿಕೆಯಲ್ಲಿ ಹೊಸದಾಗಿ ಬಂದ ಈ ಇಬ್ಬರ ಪಾಲು ಬಹಳವಿತ್ತು. ಅದೂ ಅಲ್ಲದೆ, ಮೊದಲು ಸುಮಾರು ನೂರು ಮಂದಿಯ ಒಟ್ಟು ಕೆಲಸದ ಮೇಲೆ ಲೆಕ್ಕವಾಗುತ್ತಿದ್ದ ಕೂಲಿ, ಪ್ರಯೋಗ ಆರಂಭವಾದ ಮೇಲೆ ಐವರ ಕೆಲಸದ ಮೇಲೆಯೇ ಲೆಕ್ಕವಾಗತೊಡಗಿತ್ತು. ತಾನು ಹೆಚ್ಚು ದುಡಿದರೆ ತನಗೇ ಹೆಚ್ಚು ಹಣ ಬರುತ್ತದೆಂಬುದು ಪ್ರತಿಯೊಬ್ಬಳಿಗೂ ಕಣ್ಣೆದುರಿನ ಸತ್ಯವಾಯಿತು. ಕೂಲಿಯ ಈ ಒಂದು ಬದಲಾವಣೆಯನ್ನು ಮಾತ್ರ ಬೇರೊಂದು ಗುಂಪಿನಲ್ಲಿ ಪರೀಕ್ಷಿಸಿದಾಗ ಉತ್ಪತ್ತಿ ನೂರಕ್ಕೆ ಸುಮಾರು ಹನ್ನೆರಡರಷ್ಟು ಏರಿದ್ದುದೂ, ಕೆಲವು ವಾರಗಳಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಿದಾಗ ಇಳಿದಿದ್ದುದೂ ಅದೇ ಪುಸ್ತಕದಲ್ಲಿದ್ದುವು. ಹಣ ಮುಖ್ಯವಲ್ಲವೆಂದು ಸಾರಲು ಬಳಸುತ್ತಿದ್ದ ಗ್ರಂಥದ ಒಡಲಲ್ಲಿಯೇ ಹಣ ಮುಖ್ಯವೆಂಬುದಕ್ಕೆ ಸಾಕ್ಷ್ಯವಿತ್ತು.

ಖಂಡನೆಯನ್ನು ಕಂಡ ಕೂಡಲೇ ಅದನ್ನೂ ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಮುಂದೆ ಹೋಗಬೇಕು. 1978ರಲ್ಲಿ ಫ್ರಾಂಕ್ ಮತ್ತು ಕೌಲ್ ಎಂಬವರು ಐದು ವರ್ಷಗಳ ಅಂಕಿ ಅಂಶಗಳನ್ನು ಮೊತ್ತಮೊದಲ ಸಲ ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಪರೀಕ್ಷಿಸಿದರು. ಮೇಲಿನವರ ಶಿಸ್ತು, 1929ರಿಂದಾಚಿನ ಆರ್ಥಿಕ ಮುಗ್ಗಟ್ಟು, ವಿರಾಮದ ವೇಳೆ ಇವು ಉತ್ಪತ್ತಿಯ ಏರಿಳಿತಗಳ ಬಹುಭಾಗವನ್ನು ವಿವರಿಸುತ್ತವೆಂದು ಅವರಿಗೆ ತೋರಿತು. ನಿರುದ್ಯೋಗದ ಭೂತ ಬಾಗಿಲಲ್ಲಿ ನಿಂತಿರುವಾಗ ಕೈ ಚುರುಕಾಗುವುದು ಸಹಜವೇ. ಎರಡು ವರ್ಷಗಳ ಬಳಿಕ ಅದೇ ಪತ್ರಿಕೆಯಲ್ಲಿ ಷ್ಲೈಫರ್ ಎಂಬವರು ಈ ಲೆಕ್ಕದ ರೀತಿಯೇ ಸರಿಯಲ್ಲವೆಂದು ಬೇರೊಂದು ವಿಶ್ಲೇಷಣೆಯನ್ನು ಮುಂದಿಟ್ಟರು. 1992ರಲ್ಲಿ ಸ್ಟೀಫನ್ ಜೋನ್ಸ್ ಮತ್ತೊಮ್ಮೆ ಅದೇ ದಾಖಲೆಗಳನ್ನು ಜಾಲಾಡಿ, ಹಾಥಾರ್ನ್ ಪರಿಣಾಮಕ್ಕೆ ಆಧಾರ ಬಹಳ ತೆಳುವೆಂದು ಬರೆದರು. ವಿದ್ವಾಂಸರ ಜಗಳವೆಂದು ಓದುಗರು ಬೇಸರಪಡಬಾರದು. ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾ ಆಗಿ ತಣ್ಣಗೆ ಮಲಗಿರುವ ಸಂಗತಿ ನಿಯತಕಾಲಿಕಗಳಲ್ಲಿ ಹೀಗೆ ಕುದಿಯುತ್ತಿರುತ್ತದೆ.

ಇನ್ನು ಬೆಳಕಿನ ಪ್ರಯೋಗಗಳ ಮೂಲದ ಅಂಕಿಗಳು ನಾಶವಾದುವೆಂದೇ ಬಹುಕಾಲ ನಂಬಿದ್ದರು. ಷಿಕಾಗೋ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಲಿಸ್ಟ್ ಅವರು ಅವುಗಳನ್ನು ಹುಡುಕಿ ಹೊರಟರು. ಮಿಲ್ವಾಕಿಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿಯೂ ಹಾರ್ವರ್ಡಿನ ಬೇಕರ್ ಗ್ರಂಥಭಂಡಾರದಲ್ಲಿಯೂ ಮೈಕ್ರೋಫಿಲ್ಮಿನ ಸುರುಳಿಗಳಲ್ಲಿ ಆ ಅಂಕಿಗಳು ಭದ್ರವಾಗಿ ಉಳಿದಿದ್ದುವು! 2011ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು: ಬೆಳಕನ್ನು ಹೇಗೆ ಬದಲಿಸಿದರೂ ಉತ್ಪತ್ತಿ ಏರಿತೆಂಬ ಪ್ರಸಿದ್ಧ ವರ್ಣನೆಗೆ ಅಂಕಿಗಳಲ್ಲಿ ಆಧಾರವಿಲ್ಲ. ಬದಲಾವಣೆಯ ಮಾರನೆಯ ದಿನ ಉತ್ಪತ್ತಿ ಏರುತ್ತಿದ್ದುದೇನೋ ನಿಜ. ಆದರೆ ದೀಪಗಳನ್ನು ಬದಲಿಸುತ್ತಿದ್ದುದು ರಜಾದಿನವಾದ ಭಾನುವಾರ. ಹೀಗಾಗಿ ಪ್ರತಿ ಸಲವೂ ಹೊಸ ಬೆಳಕಿನ ಸೋಮವಾರವನ್ನು ಹಳೆಯ ಬೆಳಕಿನ ಶನಿವಾರದೊಡನೆ ಹೋಲಿಸಿದಂತಾಯಿತು. ವಾರವಿಡೀ ದುಡಿದ ಶನಿವಾರಕ್ಕಿಂತ ಒಂದು ದಿನ ದಣಿವಾರಿಸಿಕೊಂಡು ಬಂದ ಸೋಮವಾರ ಕೆಲಸ ಹೆಚ್ಚು ಸಾಗುವುದು ದೀಪ ಬದಲಾಗದ ವಾರಗಳಲ್ಲಿಯೂ ಕಂಡುಬಂದಿತು. ದೀಪವನ್ನು ಬದಲಿಸದ ವಾರಗಳೊಡನೆ ಹೋಲಿಸಿ ನೋಡುವುದೊಂದು ಉಳಿದುಹೋದದ್ದರಿಂದ ಒಂದು ದಂತಕಥೆ ಹುಟ್ಟಿತೆನ್ನಬಹುದು. ಆದರೂ ಗಮನಿಸುತ್ತಿದ್ದಾರೆಂಬ ಅರಿವಿನ ಪರಿಣಾಮವಿರಬಹುದಾದ ಸೂಕ್ಷ್ಮ ಸುಳಿವುಗಳು ಅಂಕಿಗಳಲ್ಲಿ ಇಲ್ಲದೆ ಇಲ್ಲವೆಂದು ಅವರೇ ಒಪ್ಪಿದ್ದಾರೆ. ಈ ಕೊನೆಯ ವಾಕ್ಯವನ್ನು ಬಿಟ್ಟು ಉಳಿದುದನ್ನು ಮಾತ್ರ ಉಲ್ಲೇಖಿಸುವವನು ಹಳೆಯ ಪಠ್ಯಪುಸ್ತಕದವರಿಗಿಂತ ಮೇಲೇನೂ ಅಲ್ಲ.

ಒಂದು ಚಿಕ್ಕ ಪದರವನ್ನೂ ಇಲ್ಲಿಯೇ ಬಿಚ್ಚಬಹುದು. ‘ಹಾಥಾರ್ನ್ ಪರಿಣಾಮ’ವೆಂಬ ಹೆಸರನ್ನು 1958ರಲ್ಲಿ ಲ್ಯಾಂಡ್ಸ್‌ಬರ್ಗರ್ ಎಂಬವರು ಸೃಷ್ಟಿಸಿದರೆಂದು ಹಲವು ಕಡೆ ಬರೆದಿದ್ದಾರೆ. ಆದರೆ 1953ರಲ್ಲಿ ಪ್ರಕಟವಾದ ಜಾನ್ ಫ್ರೆಂಚ್ ಅವರ ಬರಹದಲ್ಲಿಯೇ ಆ ಹೆಸರು ಇದೆ. ತಪ್ಪು ಸಣ್ಣದು. ಒಬ್ಬರಿಂದೊಬ್ಬರು ನಕಲು ಮಾಡಿದ್ದರ ಗುರುತು ಮಾತ್ರ ಸ್ಪಷ್ಟವಾಗಿದೆ.

ಒರೆಗಲ್ಲು

ಲೇಖನವನ್ನು ಕೈಯಲ್ಲಿ ಹಿಡಿದವನು ಏನನ್ನು ಕೇಳಬೇಕೆಂಬುದು ಮೇಲಿನ ಕಥೆಯಿಂದಲೇ ಬಹುಮಟ್ಟಿಗೆ ಹೊರಡುತ್ತದೆ. ಪರೀಕ್ಷೆಗೆ ಒಳಗಾದವರು ಎಷ್ಟು ಮಂದಿ? ಹಾಥಾರ್ನಿನ ಆ ಕೊಠಡಿಯಲ್ಲಿ ಐವರು. ಅವರಲ್ಲಿ ಇಬ್ಬರು ನಡುವೆಯೇ ಬದಲಾದರು. ಹೋಲಿಸಲು ಬೇರೊಂದು ಗುಂಪಿತ್ತೇ? ಪರೀಕ್ಷಿಸುತ್ತಿದ್ದ ಒಂದು ಅಂಶದೊಡನೆ ಬೇರೇನಾದರೂ ಬದಲಾಯಿತೇ? ಅಲ್ಲಿ ವಿರಾಮದೊಡನೆ ಕೂಲಿಯ ಲೆಕ್ಕವೂ ಬದಲಾಗಿತ್ತು. ಹಣ ಒದಗಿಸಿದವರು ಯಾರು? ಮೂಲದ ಅಂಕಿಗಳು ಇತರರಿಗೆ ನೋಡಸಿಗುತ್ತವೆಯೇ? ಲೇಖನದ ಸಾರಾಂಶ ಹೇಳುವುದನ್ನೇ ಅದರ ಕೋಷ್ಟಕಗಳೂ ಹೇಳುತ್ತವೆಯೇ? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಸಾರಾಂಶವನ್ನಷ್ಟೇ ಓದಿ ಲೇಖನವನ್ನು ಉಲ್ಲೇಖಿಸುವುದು, ಮದುವೆಯ ಕರೆಯೋಲೆಯನ್ನು ಓದಿ ಊಟದ ರುಚಿಯನ್ನು ವರ್ಣಿಸಿದಂತೆ.

ಹೋಲಿಕೆಯ ಗುಂಪನ್ನಿಟ್ಟುಕೊಂಡು ಮಾಡಿದ ಪ್ರಯೋಗ ಹೇಗಿರುತ್ತದೆಂಬುದಕ್ಕೆ ಭಾರತದಲ್ಲಿಯೇ ಒಂದು ನಿದರ್ಶನವುಂಟು. ನಿಕೊಲಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ಮುಂಬಯಿಯ ಬಳಿಯ 17 ಬಟ್ಟೆ ಕಂಪೆನಿಗಳ 28 ಗಿರಣಿಗಳನ್ನು ಆರಿಸಿಕೊಂಡು, ಕೆಲವಕ್ಕೆ ಮಾತ್ರ ನಿರ್ವಹಣೆಯ ಸಲಹೆಯನ್ನು ಪೂರ್ತಿಯಾಗಿ ಕೊಡಿಸಿ, ಉಳಿದವನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಯಾರಿಗೆ ಸಲಹೆ ಎಂಬುದನ್ನು ಚೀಟಿಯೆತ್ತಿದಂತೆ ನಿರ್ಧರಿಸಿದರು. ಸಲಹೆ ಪಡೆದ ಗಿರಣಿಗಳ ಉತ್ಪಾದಕತೆ ಮೊದಲ ವರ್ಷದಲ್ಲಿ ನೂರಕ್ಕೆ 17ರಷ್ಟು ಏರಿತೆಂದು 2013ರಲ್ಲಿ ಪ್ರಕಟಿಸಿದರು. ಇಪ್ಪತ್ತೆಂಟು ದೊಡ್ಡ ಸಂಖ್ಯೆಯೇನಲ್ಲ. ಆದರೆ ಐವರ ಕೊಠಡಿಗೂ ಇದಕ್ಕೂ ಅಜಗಜಾಂತರವಿದೆ.

ಒಳ್ಳೆಯ ಪತ್ರಿಕೆಯಲ್ಲಿ ಬಂದಿದೆ, ಆದ್ದರಿಂದ ನಂಬಬಹುದು ಎಂಬ ವಾದಕ್ಕೆ ಅರ್ಧ ಬೆಲೆ ಕೊಡಬಹುದು. ಪ್ರಕಟಣೆಗೆ ಮೊದಲು ಅದೇ ಶಾಸ್ತ್ರದ ಇಬ್ಬರು ಮೂವರು ತಜ್ಞರು ಲೇಖನವನ್ನು ಓದಿ ಪ್ರಶ್ನಿಸುವ ಪದ್ಧತಿ ಹಲವು ತಪ್ಪುಗಳನ್ನು ಸೋಸುತ್ತದೆ. ಹಣ ತೆಗೆದುಕೊಂಡು ಬಂದುದನ್ನೆಲ್ಲ ಅಚ್ಚುಹಾಕುವ, ಹೆಸರಿಗೆ ಮಾತ್ರ ‘ಅಂತರರಾಷ್ಟ್ರೀಯ’ವಾದ ಪತ್ರಿಕೆಗಳಲ್ಲಿ ಆ ಸೋಸುವಿಕೆಯೂ ಇಲ್ಲ. ಇಂಥವನ್ನು ದೂರವಿಡಲೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಇಟ್ಟುಕೊಂಡಿದ್ದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಈಗ ಪತ್ರಿಕೆಯನ್ನು ಅಳೆಯುವ ಹೊಣೆ ಸಂಸ್ಥೆಗಳದು, ಅಂದರೆ ಓದುವವರದೂ ಕೂಡ. ಆದರೆ ತಜ್ಞರಿಗೆ ತೋರಿಸುವುದು ಲೇಖನವೇ ಹೊರತು ಕಾರ್ಖಾನೆಯಲ್ಲ. ಅಂಕಿಗಳನ್ನೇ ಕಲ್ಪಿಸಿ ಬರೆದಿದ್ದರೆ ಅವರ ಕಣ್ಣಿಗೆ ಬೀಳದೆ ಹೋಗಬಹುದು. ಪ್ರಾಮಾಣಿಕತೆಯ ಘೋಷಣೆಗೆ ನಮೂನೆಯ ಅಡಿಯಲ್ಲಿ ಸಹಿ ಮಾಡಿಸುವ ಬದಲು ಮೇಲ್ಭಾಗದಲ್ಲಿ ಮಾಡಿಸಿದರೆ ಜನ ಕಡಿಮೆ ಸುಳ್ಳು ಹೇಳುತ್ತಾರೆಂದು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತು. ಸರ್ಕಾರಗಳೂ ವಿಮಾ ಕಂಪೆನಿಗಳೂ ಕಿವಿ ನಿಮಿರಿಸಿದುವು. 2020ರಲ್ಲಿ ಅದೇ ಲೇಖಕರು ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. 2021ರಲ್ಲಿ ಮೊದಲ ಲೇಖನದ ವಿಮಾ ಅಂಕಿಗಳು ಕಲ್ಪಿತವೆಂದು ಹೊರಗಿನವರು ತೋರಿಸಿಕೊಟ್ಟರು, ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಪ್ರಾಮಾಣಿಕತೆಯ ವಿಷಯದಲ್ಲಿಯೇ ಹೀಗಾದದ್ದು ವಿಧಿಯ ವಿನೋದವೆನ್ನಬೇಕು. ಆದ್ದರಿಂದ ಲೇಖನವನ್ನು ಬಳಸುವ ಮುನ್ನ, ಅದು ಹಿಂತೆಗೆತಕ್ಕೆ ಒಳಗಾಗಿದೆಯೇ ಎಂದು ಪತ್ರಿಕೆಯ ಪುಟದಲ್ಲಿಯೇ ಒಮ್ಮೆ ನೋಡಿಬಿಡಬೇಕು. ಎರಡು ನಿಮಿಷದ ಕೆಲಸ.

ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂಬ ಎಣಿಕೆಯೂ ಸತ್ಯದ ಅಳತೆಯಲ್ಲ. ಮತ್ತೆ ಮಾಡಿ ನೋಡಿದಾಗ ನಿಲ್ಲದ ಲೇಖನಗಳೇ ನಿಂತವುಗಳಿಗಿಂತ ಹೆಚ್ಚು ಉಲ್ಲೇಖ ಪಡೆದಿರುತ್ತವೆಂದು 2021ರ ಒಂದು ಅಧ್ಯಯನ ತೋರಿಸಿತು. ಬೆರಗುಗೊಳಿಸುವ ಫಲಿತಾಂಶ ಬೇಗ ಹರಡುತ್ತದೆ. ಬೆಳದಿಂಗಳಲ್ಲಿ ದುಡಿದ ಹೆಣ್ಣುಮಕ್ಕಳ ಕಥೆ ಹರಡಿದಂತೆಯೇ.

ಇಷ್ಟನ್ನೂ ಕಲಿತ ನಮ್ಮ ವಿದ್ಯಾರ್ಥಿ ಮತ್ತೆ ತನ್ನ ಪ್ರಶ್ನೆಗೆ ಬರಲಿ. ದೀಪ, ಉತ್ಪತ್ತಿ, ಉಡುಪು ಕಾರ್ಖಾನೆ, ಭಾರತ ಎಂಬ ಮುಖಗಳನ್ನು ಹಲವು ಹೆಸರುಗಳಲ್ಲಿ ಜೋಡಿಸುತ್ತ ಹೋದರೆ ಅವನಿಗೆ ಬೆಂಗಳೂರಿನ ಒಂದು ಅಧ್ಯಯನ ದೊರಕುತ್ತದೆ. ‘ಇಲ್ಯುಮಿನೇಷನ್’ ಎಂಬ ಒಂದೇ ಪದವನ್ನು ಹಿಡಿದಿದ್ದರೆ ಬಹುಶಃ ದೊರಕುತ್ತಿರಲಿಲ್ಲ. ಏಕೆಂದರೆ ಅದರ ತಲೆಬರಹದಲ್ಲಿ ಬೆಳಕಿನ ಜೊತೆಗೆ ಶಾಖವೂ ಸೇರಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬರೆದ ಈ ಲೇಖನ ಮೊದಲು 2018ರಲ್ಲಿ ಕರಡಿನ ರೂಪದಲ್ಲಿ ಹೊರಬಂದು, 2020ರಲ್ಲಿ ‘ರಿವ್ಯೂ ಆಫ್ ಎಕನಾಮಿಕ್ಸ್ ಅಂಡ್ ಸ್ಟಾಟಿಸ್ಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರಡಿಗೂ ಅಚ್ಚಾದ ಪ್ರತಿಗೂ ನಡುವೆ ಅಂಕಿಗಳು ಬದಲಾಗುವುದುಂಟಾದ್ದರಿಂದ ಅವನು ಹಿಡಿಯಬೇಕಾದದ್ದು ಎರಡನೆಯದನ್ನು.

ಬೆಂಗಳೂರಿನ ಸುತ್ತಮುತ್ತಲ ಉಡುಪು ಕಾರ್ಖಾನೆಗಳಲ್ಲಿ ಹಳೆಯ ದೀಪಗಳನ್ನು ತೆಗೆದು ಎಲ್.ಇ.ಡಿ. ದೀಪಗಳನ್ನು ಹಾಕಿದಾಗ ಏನಾಯಿತೆಂಬುದನ್ನು ಅವರು ಹೊಲಿಗೆಯ ಸಾಲುಗಳ ದಿನದಿನದ ಲೆಕ್ಕದಿಂದ ನೋಡಿದರು. ಹೊರಗಿನ ಬಿಸಿ ಏರಿದ ದಿನಗಳಲ್ಲಿ ಕೆಲಸ ಇಳಿಯುತ್ತಿತ್ತು. ಕಡಿಮೆ ಶಾಖ ಸೂಸುವ ಹೊಸ ದೀಪಗಳು ಬಂದ ಮೇಲೆ ಆ ಇಳಿತ ಬಹಳ ಮಟ್ಟಿಗೆ ತಗ್ಗಿತು. ವಿದ್ಯುತ್ತಿನ ಉಳಿತಾಯದೊಡನೆ ಈ ಲಾಭವನ್ನೂ ಕೂಡಿಸಿದರೆ ದೀಪಕ್ಕೆ ಹಾಕಿದ ಹಣ ಹಿಂತಿರುಗುವ ಕಾಲ ಗಣನೀಯವಾಗಿ ಮೊಟಕಾಗುತ್ತದೆ. ಇದನ್ನು ನಮ್ಮ ಒರೆಗಲ್ಲಿಗೆ ಹಚ್ಚೋಣ. ಹೋಲಿಕೆಯುಂಟೇ? ಉಂಟು: ಎಲ್ಲ ಕಾರ್ಖಾನೆಗಳಿಗೂ ಒಂದೇ ದಿನ ಹೊಸ ದೀಪ ಬರಲಿಲ್ಲವಾದ್ದರಿಂದ, ಇನ್ನೂ ಬದಲಾಗದವು ಬದಲಾದವಕ್ಕೆ ಅಳತೆಗೋಲಾದುವು. ಹೊಸ ದೀಪ ಬಂದಿತೆಂಬ ಉತ್ಸಾಹದಿಂದ, ಅಂದರೆ ಹಾಥಾರ್ನ್ ಪರಿಣಾಮದಿಂದ, ಕೆಲಸ ಏರಿರಬಹುದಲ್ಲವೇ? ಹಾಗಿದ್ದರೆ ತಂಪಾದ ದಿನಗಳಲ್ಲಿಯೂ ಅಷ್ಟೇ ಏರಬೇಕಾಗಿತ್ತು. ಲಾಭ ವಿಶೇಷವಾಗಿ ಕಂಡದ್ದು ಸೆಖೆಯ ದಿನಗಳಲ್ಲಿ. 1924ರಲ್ಲಿ ದೀಪದ ಕೆಳಗೆ ಹುಡುಕಲು ಹೊರಟವರು ಬೆಳಕನ್ನು ಮಾತ್ರ ಅಳೆದಿದ್ದರು; ದೀಪಕ್ಕೆ ಕಾವೂ ಉಂಟಷ್ಟೆ.

ಇನ್ನು ಉಳಿದಿರುವುದು ಎಷ್ಟು ದೂರದ ತನಕ ಈ ಮಾತು ಸಲ್ಲುತ್ತದೆಂಬ ಪ್ರಶ್ನೆ. ಇವೆಲ್ಲ ಒಂದೇ ಕಂಪೆನಿಯ ಕಾರ್ಖಾನೆಗಳು. ಊರು ಬೆಂಗಳೂರು, ಹವೆ ಹಿತವಾದದ್ದು. ರಾಯಚೂರಿನ ಬಿಸಿಲಿನಲ್ಲಿ, ಮಂಗಳೂರಿನ ಬೆವರಿಳಿಸುವ ಸೆಖೆಯಲ್ಲಿ ತಗಡಿನ ಮಾಡಿನ ಕೆಳಗೆ ಹೊಲಿಯುವವರ ವಿಷಯವನ್ನು ಈ ಲೇಖನ ಹೇಳುವುದಿಲ್ಲ. ನಮ್ಮ ವಿದ್ಯಾರ್ಥಿ ಈಗ ಅದರ ‘ಸೈಟೆಡ್ ಬೈ’ ಪಟ್ಟಿಯನ್ನು ತೆರೆದು ಕುಳಿತಿದ್ದಾನೆ.